ಅಪ್ಪ ಎಂಜಿನಿಯರ್ ಆಗಿದ್ದ ಎರಡು ವರ್ಷ

ಜರ್ಮನಿಯ ಹ್ಯಾನೋವರಿನ ನಮ್ಮ ಆಫೀಸಿನಲ್ಲಿ ನನ್ನ ಅಪ್ಪ ಎರಡು ವರ್ಷ ಎಂಜಿನಿಯರ್ ಆಗಿದ್ದರು. ಉಡುಪಿಯ ಹತ್ತಿರದ ನಮ್ಮೂರಿನಲ್ಲಿ ಕೆಂಪು ಮುರಕಲ್ಲಿನ ಗೋಡೆ ಕಟ್ಟಿಕೊಂಡಿದ್ದ ಅವರಿಗೆ ಈ ಬಡ್ತಿಯ ಸುದ್ದಿಯೇ ಇರಲಿಲ್ಲ.

ಬಡ್ತಿ ಕೊಟ್ಟವಳು ನಾನೇ. ಓದು ಮುಗಿದು, ಅಲ್ಲಿ ಕೆಲಸ ಮಾಡಲು ಬೇಕಾದ ಬ್ಲೂ ಕಾರ್ಡ್ ಕೈಗೆ ಬಂದ ಹೊಸತು. ಕಟ್ಟಡಗಳು ನಿಲ್ಲುತ್ತವೋ ಬೀಳುತ್ತವೋ ಎಂದು ಲೆಕ್ಕ ಹಾಕಿಕೊಡುವ ಸಣ್ಣ ಆಫೀಸು ನಮ್ಮದು. ಒಂದು ದಿನ ಮಧ್ಯಾಹ್ನ ಊಟದ ಮೇಜಿನ ಸುತ್ತ ಕೂತವರು ತಮ್ಮ ತಮ್ಮ ಅಪ್ಪಂದಿರ ಸುದ್ದಿ ತೆಗೆದರು. ಒಬ್ಬನ ಅಪ್ಪ ಆರ್ಕಿಟೆಕ್ಟ್, ಇನ್ನೊಬ್ಬಳ ಅಪ್ಪ ಸೇತುವೆಗಳ ಬಗ್ಗೆ ಪಾಠ ಮಾಡುವ ಪ್ರೊಫೆಸರ್. "ನಿನ್ನ ಅಪ್ಪ?" ಎಂದು ಕೇಳಿದರು. "ಕಟ್ಟಡದ ಕೆಲಸ," ಎಂದೆ. "ಓಹೋ, ಎಂಜಿನಿಯರ್!" ಎಂದರು. ನನ್ನ ಬಾಯಲ್ಲಿ ಬ್ರೆಡ್ ಇತ್ತು, ತಲೆ ಅಲ್ಲಾಡಿಸಿದೆ. ಬ್ರೆಡ್ ನುಂಗಿದ ಮೇಲೆ ತಿದ್ದಬಹುದಿತ್ತು, ತಿದ್ದಲಿಲ್ಲ. ಮರುದಿನವೂ ತಿದ್ದಲಿಲ್ಲ. ಆ ವರ್ಷದ ಕ್ರಿಸ್‌ಮಸ್ ಊಟದಲ್ಲಿ ಬಾಸ್ ಗ್ಲಾಸು ಹಿಡಿದು ಎದ್ದು ನಿಂತು "ಇವಳಿಗೆ ಈ ವಿದ್ಯೆ ಅಪ್ಪನಿಂದಲೇ ಬಂದದ್ದು," ಎಂದಾಗಲಂತೂ ಚಪ್ಪಾಳೆಯ ನಡುವೆ ನಗುತ್ತ ಕೂತಿದ್ದೆ.

ಅದಕ್ಕೆ ನಾನು ಏನೇನೋ ಕಾರಣ ಕೊಟ್ಟುಕೊಂಡೆ. ನನ್ನ ಜರ್ಮನ್ ಇನ್ನೂ ಸಾಲದು, ವಿವರಿಸಲು ಹೋದರೆ ಉದ್ದವಾಗುತ್ತದೆ, ಅವರಿಗೆಲ್ಲ ಅದು ಯಾಕೆ. ನಿಜ ಹೇಳಬೇಕೆಂದರೆ ನನಗೆ ನಾಚಿಕೆಯಾಗಿತ್ತು. ಇದನ್ನು ಬರೆಯುವಾಗ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಏಕೆಂದರೆ ಅಪ್ಪನ ಕೆಲಸ ಎಂಥದು ಎಂದು ನನಗೆ ಗೊತ್ತಿಲ್ಲದೆ ಏನಿರಲಿಲ್ಲ. ಹದಿನೈದರ ಪ್ರಾಯದಲ್ಲಿ ಅವರು ಕಲ್ಲಿನ ಕೋರೆಗೆ ಇಳಿದವರು. ನೆಲದೊಳಗಿನ ಕೆಂಪು ಕಲ್ಲನ್ನು ಚೌಕವಾಗಿ ಕಡಿದು ಎಬ್ಬಿಸುವ ಕೆಲಸ. ಆಮೇಲೆ ಗೋಡೆ ಕಟ್ಟುವುದನ್ನು ಕಲಿತು ಮೇಸ್ತ್ರಿ ಆದರು. ಸಿಮೆಂಟು, ಮಣ್ಣು ಯಾವುದೂ ಇಲ್ಲದೆ ಬರೀ ಕಲ್ಲಿನ ಮೇಲೆ ಕಲ್ಲು ಕೂರಿಸಿ ತೋಟದ ಸುತ್ತ ಪಾಗಾರ ಕಟ್ಟುವುದರಲ್ಲಿ ಅವರದು ಎತ್ತಿದ ಕೈ. ಸುತ್ತಲಿನ ನಾಲ್ಕು ಊರಿನವರು ಕಾದು ಕೂತು ಅವರನ್ನೇ ಕರೆಸುತ್ತಿದ್ದರು. ಮಳೆಗಾಲ ಮುಗಿಯುವಾಗ ಬೇರೆಯವರ ಪಾಗಾರಗಳು ಅಲ್ಲಲ್ಲಿ ಜರಿದಿರುತ್ತಿದ್ದವು, ಅಪ್ಪನದು ನಿಂತಿರುತ್ತಿತ್ತು. ಶಾಲೆಯ ದಾರಿಯಲ್ಲಿ ನಾನು ಗೆಳತಿಯರಿಗೆ ಬೆರಳು ತೋರಿಸಿ, ಇದು ನಮ್ಮಪ್ಪನದು, ಅದೂ ನಮ್ಮಪ್ಪನದು ಎಂದು ಜಂಬ ಕೊಚ್ಚುತ್ತ ಹೋಗುತ್ತಿದ್ದೆ. ಹತ್ತು ವರ್ಷದವಳಿಗೆ ಇದ್ದ ಬುದ್ಧಿ ಇಪ್ಪತ್ತೆಂಟಕ್ಕೆ ಎಲ್ಲಿ ಹೋಗಿತ್ತೋ ಏನೋ.

ಆಫೀಸಿನಲ್ಲಿ ನನ್ನ ಎದುರು ಮೇಜಿನ ಸಹೋದ್ಯೋಗಿಯ ಅಪ್ಪ ಅಮ್ಮ ದಕ್ಷಿಣ ಇಟಲಿಯ ಗುಡ್ಡದ ಮೇಲಿನ ಒಂದು ಹಳ್ಳಿಯವರು. ಹಿಂದೆ ಯಾವಾಗಲೋ ಕೆಲಸಕ್ಕೆಂದು ಹ್ಯಾನೋವರಿಗೆ ಬಂದು ಉಳಿದವರು. ಇವನು ಹುಟ್ಟಿದ್ದು, ಬೆಳೆದದ್ದು ಇಲ್ಲೇ. ಅಪ್ಪ ತೀರಿಕೊಂಡ ಮೇಲೆ ಅವನ ಅಮ್ಮ ಹಳ್ಳಿಯ ಹಳೆಯ ಮನೆಗೆ ವಾಪಸು ಹೋಗಿದ್ದರು. ಆ ಮನೆಯ ಹಿಂದೆ ಗುಡ್ಡದ ಮಣ್ಣು ಜಾರದ ಹಾಗೆ ಅವನ ಅಜ್ಜ ಕಟ್ಟಿದ ಕಲ್ಲಿನ ಗೋಡೆಯೊಂದಿತ್ತು. ಗಾರೆ ಇಲ್ಲದ ಗೋಡೆ. ಅದರ ಕೆಲವು ಕಲ್ಲು ಸಡಿಲಾಗಿವೆ ಎಂದು ಅವನು ಒಮ್ಮೆ ನನಗೆ ಫೋಟೋ ತೋರಿಸಿದ. ನಾನು ಕಾಗದದ ಮೇಲೆ ಗೀಚಿ ಲೆಕ್ಕ ಹಾಕಿ, "ಸಂದುಗಳಿಗೆಲ್ಲ ಸಿಮೆಂಟು ತುಂಬಿಸಿಬಿಡು, ಗಟ್ಟಿಯಾಗುತ್ತದೆ," ಎಂದೆ. ಈಸ್ಟರ್ ರಜೆಯಲ್ಲಿ ಹೋಗಿ ಅವನೇ ಮೆತ್ತಿ ಬಂದ.

ಅದೇ ವರ್ಷ ಆಗಸ್ಟಿನಲ್ಲಿ ಅಪ್ಪ ಮೂರು ತಿಂಗಳಿಗೆಂದು ನನ್ನಲ್ಲಿಗೆ ಬಂದರು. ಅಮ್ಮ ವಿಮಾನ ಹತ್ತಲು ಸುತರಾಂ ಒಪ್ಪಲಿಲ್ಲ. ನಾನು ಆಫೀಸಿಗೆ ಹೋದರೆ ಅಪ್ಪನಿಗೆ ಹೊತ್ತು ಹೋಗುವುದೇ ಕಷ್ಟ. ಅಡುಗೆಮನೆಯ ಕಿಟಕಿಯಿಂದ ಎದುರಿನ ಬೀದಿಯಲ್ಲಿ ಏಳುತ್ತಿದ್ದ ಕಟ್ಟಡವನ್ನು ನೋಡುತ್ತ ನಿಲ್ಲುತ್ತಿದ್ದರು. ಸಂಜೆ ನಾನು ಬಂದ ಕೂಡಲೇ ವರದಿ. "ಆ ಕೆಂಪು ಟೊಪ್ಪಿಯವನ ಕೆಲಸ ಚಂದ ಉಂಟು. ಇನ್ನೊಬ್ಬ ಉಂಟಲ್ಲ, ದಪ್ಪದವ, ಅವನಿಗೆ ಕಾಫಿ ಕುಡಿಯುವುದೇ ಕೆಲಸ."

ಅಪ್ಪ ಬಂದಿರುವ ಸುದ್ದಿ ಕೇಳಿ ಸಹೋದ್ಯೋಗಿ, "ಸೆಪ್ಟೆಂಬರ್ ಕೊನೆಗೆ ಒಂದು ವಾರ ಊರಿಗೆ ಹೋಗುತ್ತಿದ್ದೇನೆ, ನೀವಿಬ್ಬರೂ ಬನ್ನಿ. ಇಬ್ಬರು ಎಂಜಿನಿಯರುಗಳು ಮನೆಗೆ ಬಂದರೆ ಅಮ್ಮನಿಗೂ ಖುಷಿ," ಎಂದ. ಏನೋ ನೆಪ ಹೇಳಿ ತಪ್ಪಿಸಿಕೊಳ್ಳೋಣ ಎಂದುಕೊಂಡೇ ಮನೆಗೆ ಬಂದೆ. ಆದರೆ ಗುಡ್ಡದ ತುದಿಯ ಊರು, ಎಲ್ಲ ಹಳೇ ಕಲ್ಲಿನ ಮನೆ ಎಂದು ಬಾಯಿ ತಪ್ಪಿ ಹೇಳಿದ್ದೇ ತಡ, ಅಪ್ಪ ಬ್ಯಾಗು ತೆಗೆದರು. ನಾನೂ ಲೆಕ್ಕ ಹಾಕಿದೆ. ಅಪ್ಪನಿಗೆ ಜರ್ಮನ್, ಇಂಗ್ಲಿಷ್ ಎರಡೂ ಬರುವುದಿಲ್ಲ, ಅವನಿಗೆ ಕನ್ನಡ ಬರುವುದಿಲ್ಲ. ಒಬ್ಬರ ಮಾತು ಇನ್ನೊಬ್ಬರಿಗೆ ಮುಟ್ಟುವುದು ನನ್ನ ಬಾಯಿಯಿಂದಲೇ. ನಾನು ಎಚ್ಚರವಾಗಿದ್ದರೆ ನನ್ನ ಸುಳ್ಳಿಗೆ ಏನೂ ಆಗುವುದಿಲ್ಲ ಎಂದು ಧೈರ್ಯ ತಂದುಕೊಂಡೆ.

ಇಟಲಿಯ ಬಾರಿ ಎಂಬ ಪಟ್ಟಣದಲ್ಲಿ ವಿಮಾನ ಇಳಿದು ಕಾರಿನಲ್ಲಿ ಪಶ್ಚಿಮದ ಗುಡ್ಡಗಳ ಕಡೆಗೆ ಹೊರಟೆವು. ಗೋಧಿ ಕೊಯ್ದು ಮುಗಿದ ಬೋಳು ಗುಡ್ಡಗಳು, ನಡುನಡುವೆ ಆಲಿವ್ ಮರಗಳು. ತಗ್ಗಿನಲ್ಲಿ ಒಂದು ಮನೆಯೂ ಇಲ್ಲ. ಊರೆಂಬುದೆಲ್ಲ ಗುಡ್ಡದ ನೆತ್ತಿಯಲ್ಲಿ, ಮನೆಗೆ ಮನೆ ಒತ್ತಿಕೊಂಡು. "ನೀರು ಕೆಳಗೆ ಉಂಟು, ಗದ್ದೆ ಕೆಳಗೆ ಉಂಟು, ಇವರಿಗೆ ಮೇಲೆ ಹೋಗಿ ಕೂರುವ ಹಠ ಎಂತಕ್ಕೆ?" ಎಂದು ಅಪ್ಪ ಕೇಳಿದರು. ಹಿಂದೆ ತಗ್ಗಿನಲ್ಲಿ ಮಲೇರಿಯಾ, ಜೊತೆಗೆ ದರೋಡೆಕೋರರ ಹೆದರಿಕೆ ಎಂದು ಸಹೋದ್ಯೋಗಿ ಹೇಳಿದ. ಅಪ್ಪ ಒಪ್ಪಿದರು.

ನಾನು ಮೂರು ಹಳ್ಳಿಗಳ ಪಟ್ಟಿ ಮಾಡಿಕೊಂಡಿದ್ದೆ. ಯಾವ ಇಗರ್ಜಿಗೆ ಎಷ್ಟು ನಿಮಿಷ, ಯಾವ ಕೋಟೆಗೆ ಎಷ್ಟು, ಊಟ ಎಲ್ಲಿ. ಜರ್ಮನಿಯಲ್ಲಿ ಹಿಡಿದ ಕಾಯಿಲೆ ಅದು. ಅಪ್ಪ ಮೊದಲನೇ ದಿನವೇ ಪಟ್ಟಿಯನ್ನು ಹಾಳುಮಾಡಿದರು. ಮೊದಲ ಹಳ್ಳಿಯಲ್ಲಿ ಪ್ರತಿ ಮನೆಯೂ ಅರ್ಧ ಕಟ್ಟಿದ್ದು, ಉಳಿದರ್ಧ ಬಂಡೆಯೊಳಗೆ ಕೊರೆದದ್ದು. ಜನ ಬಿಟ್ಟುಹೋದ ಅಂಥದೊಂದು ಮನೆಯ ಒಳಗೋಣೆಗೆ ಹೊಕ್ಕ ಅಪ್ಪ ಹೊರಗೆ ಬರಲೇ ಇಲ್ಲ. ಹೋಗಿ ನೋಡಿದರೆ ಗೋಡೆಯ ಮೇಲಿನ ಉಳಿಯ ಗೆರೆಗಳಿಗೆ ಮೂಗು ತಾಗಿಸಿ ನಿಂತಿದ್ದಾರೆ. "ಈ ಗೋಡೆ ಕಡಿದವ ಎಡಚ," ಎಂದರು. "ಕಾಣು, ಗೆರೆ ಎಲ್ಲ ಆ ಕಡೆ ವಾಲಿದೆ. ಆಚೆ ಗೋಡೆ ಕಡಿದವ ಬೇರೆ, ಅವನದು ಬಲಗೈ. ಇಬ್ಬರೂ ಒಟ್ಟಿಗೆ ಹೊರಟು ಮೂಲೆಯಲ್ಲಿ ಸಿಕ್ಕಿದ್ದಾರೆ." ಸಹೋದ್ಯೋಗಿ ಟಾರ್ಚು ಹಿಡಿದು ನೋಡಿದ. ಹೌದು, ಎರಡೂ ಗೋಡೆಯ ಗೆರೆಗಳು ಮೂಲೆಯಲ್ಲಿ ಕೈಕೈ ಜೋಡಿಸಿದ ಹಾಗೆ ಎದುರುಬದುರಾಗಿದ್ದವು. ಯಾವ ಕಾಲದಲ್ಲಿ ಸತ್ತವರೋ, ಅವರ ಕೈ ಹೇಗಿತ್ತೆಂದು ನನ್ನ ಅಪ್ಪ ಓದಿ ಹೇಳಿದ್ದರು. ನನಗೆ ಒಳಗೊಳಗೇ ಹೆಮ್ಮೆ ಉಕ್ಕಿತು. ಅದನ್ನು ಅದುಮಿಕೊಂಡು, "ಉಪಕರಣದ ಗುರುತುಗಳನ್ನು ವಿಶ್ಲೇಷಿಸುತ್ತಿದ್ದಾರೆ," ಎಂದು ಆಫೀಸಿನ ಜರ್ಮನ್‌ನಲ್ಲಿ ಅನುವಾದಿಸಿದೆ.

ದಿನವಿಡೀ ಇದೇ ಆಯಿತು. ಅಪ್ಪ "ಕಲ್ಲು ಬೆವರ್ತದೆ," ಎಂದರೆ ನಾನು "ತೇವಾಂಶದ ಚಲನೆ," ಎನ್ನುವುದು. ಅಪ್ಪ "ಈ ಮೆಟ್ಟಿಲು ಕಟ್ಟಿದವ ಹೊಟ್ಟೆಗೆ ಸರಿ ಊಟ ಮಾಡದೆ ಕಟ್ಟಿದ್ದು," ಎಂದರೆ ನಾನು "ಕಾಮಗಾರಿಯ ಗುಣಮಟ್ಟ ಏಕರೂಪವಾಗಿಲ್ಲ," ಎನ್ನುವುದು. ಊರ ಹೊರಗೆ ಪಾಳುಬಿದ್ದ ಕಲ್ಲಿನ ಕೋರೆ ಕಂಡಾಗ ಅಪ್ಪ ಕಾರು ನಿಲ್ಲಿಸಲು ಹೇಳಿದರು. ಹಳದಿ ಬಣ್ಣದ ಮೆತ್ತಗಿನ ಕಲ್ಲು, ನಮ್ಮ ಕಡೆಯ ಹಾಗೇ ಮೆಟ್ಟಿಲು ಮೆಟ್ಟಿಲಾಗಿ ಕಡಿದು ತೆಗೆದ ಗುಂಡಿ. ಅಪ್ಪ ಇಳಿದು ಹೋಗಿ ಒಂದು ತುಂಡನ್ನು ಅಲ್ಲೇ ಬಿದ್ದಿದ್ದ ಮೊಳೆಯಿಂದ ಗೀರಿ, "ನಮ್ಮ ಮುರಕಲ್ಲಿನದೇ ಜಾತಿ. ಕಡಿಯುವಾಗ ಮೆತ್ತಗೆ, ಗಾಳಿ ತಾಗಿದ ಮೇಲೆ ಗಟ್ಟಿ. ಬಣ್ಣ ಮಾತ್ರ ಬೇರೆ," ಎಂದರು. ಊರು ಬಿಟ್ಟು ಬಂದ ಮೇಲೆ ಅವರ ಮುಖದಲ್ಲಿ ಅಷ್ಟು ಗೆಲುವನ್ನು ನಾನು ನೋಡಿರಲಿಲ್ಲ. ಪಟ್ಟಿಯ ಎರಡು ಇಗರ್ಜಿ, ಒಂದು ಕೋಟೆ ಹಾಗೆಯೇ ಉಳಿದವು.

ಸಂಜೆ ಸಹೋದ್ಯೋಗಿಯ ಹಳ್ಳಿ ಮುಟ್ಟಿದೆವು. ಕಾರು ಕೆಳಗೇ ನಿಲ್ಲಿಸಿ ಓಣಿ ಹತ್ತಬೇಕು. ಓಣಿಯಿಂದ ಅಜ್ಜ ಕಟ್ಟಿದ ಆ ಗೋಡೆಯ ಬುಡದಲ್ಲೇ ಹಾದುಹೋಗುವ ಒಂದು ಸಣ್ಣ ಕಾಲುದಾರಿ, ಅದರ ಕೊನೆಗೆ ಮನೆ. ಬಾಲ್ಕನಿಗಳಲ್ಲೆಲ್ಲ ಕೆಂಪು ಮೆಣಸನ್ನು ಸರ ಮಾಡಿ ಒಣಗಲು ತೂಗುಹಾಕಿದ್ದರು. ಅವನ ಅಮ್ಮ ಬಾಗಿಲಲ್ಲೇ ಕಾಯುತ್ತಿದ್ದರು. ಎಂಬತ್ತರ ಹತ್ತಿರದ, ಚುರುಕು ಕಣ್ಣಿನ, ಗಿಡ್ಡ ಹೆಂಗಸು. ಹ್ಯಾನೋವರಿನ ಕಾರ್ಖಾನೆಯಲ್ಲಿ ದುಡಿದು ಕಲಿತ ಜರ್ಮನ್‌ನಲ್ಲಿ ನನ್ನ ಜೊತೆ, ಅಪ್ಪನ ಜೊತೆ ತನ್ನ ಊರಿನ ಭಾಷೆಯಲ್ಲಿ ಮಾತಾಡಿದರು. ಅಪ್ಪ ಕನ್ನಡದಲ್ಲಿ ಉತ್ತರ ಕೊಟ್ಟರು. ಆ ಒಣಮೆಣಸನ್ನು ಎಣ್ಣೆಯಲ್ಲಿ ಗರಿಗರಿಯಾಗಿ ಕರಿದು ಬಡಿಸಿದಾಗ ಅಪ್ಪ ಬಾಯಿಗಿಟ್ಟು, "ಮಜ್ಜಿಗೆ ಮೆಣಸಿನ ಹಾಗೇ ಉಂಟು, ಆದ್ರೆ ಖಾರ ಇಲ್ಲ," ಎಂದು ಇನ್ನೂ ನಾಲ್ಕು ಹಾಕಿಸಿಕೊಂಡರು.

ಊಟದ ನಡುವೆ ಮುದುಕಿ ತಮ್ಮ ಗಂಡನ ಸುದ್ದಿ ಹೇಳಿದರು. ಹ್ಯಾನೋವರಿನಲ್ಲಿ ಟ್ರಾಮಿನ ಹಳಿ ಹಾಕುವ ಕೂಲಿ ಕೆಲಸದಲ್ಲೇ ಅವರ ಆಯುಷ್ಯ ಕಳೆದದ್ದಂತೆ. "ಇವನು ಸಣ್ಣವನಿರುವಾಗ ಟ್ರಾಮಿನಲ್ಲಿ ಹೋಗುತ್ತ ಹೇಳುತ್ತಿದ್ದೆ, ಸರಿಯಾಗಿ ಕೂತುಕೋ, ನಿನ್ನ ಅಪ್ಪ ಹಾಕಿದ ಹಳಿ ಇದು." ಮಗ ತಾಯಿಯ ಮಾತಿಗೆ ನಗುತ್ತ ತಲೆದೂಗಿದ. ದಿನಾ ಬೆಳಿಗ್ಗೆ ನಾನು ಆಫೀಸಿಗೆ ಹೋಗುವುದು ಅದೇ ಟ್ರಾಮಿನಲ್ಲಿ. ತಟ್ಟೆ ನೋಡುತ್ತ ಕೂತೆ.

ಮರುದಿನ ಬೆಳಿಗ್ಗೆ ಸಹೋದ್ಯೋಗಿ ನಮ್ಮನ್ನು ಆ ಗೋಡೆಯ ಮುಂದೆ ನಿಲ್ಲಿಸಿದ. ಆಳೆತ್ತರದ ಗೋಡೆ ನಡುವಿನಲ್ಲಿ ಹೊಟ್ಟೆ ಬಿಟ್ಟು ಕಾಲುದಾರಿಯ ಕಡೆಗೆ ಉಬ್ಬಿತ್ತು. "ಸಿಮೆಂಟು ತುಂಬಿದ ಮೇಲೂ ಹೀಗಾಯಿತು," ಎಂದ. "ಪುರಸಭೆಯವನು ಬಂದು ನೋಡಿ ಹೋಗಿದ್ದಾನೆ. ಮಳೆಗಾಲದ ಒಳಗೆ ಸರಿಮಾಡದಿದ್ದರೆ ದಾರಿ ಮುಚ್ಚುತ್ತಾನಂತೆ. ಅಮ್ಮನ ಮನೆಗೆ ಇರುವುದು ಇದೊಂದೇ ದಾರಿ. ನಿನ್ನ ಅಪ್ಪನನ್ನು ಕೇಳು, ಎಂಜಿನಿಯರ್ ಆಗಿ ಅವರು ಏನು ಹೇಳುತ್ತಾರೆ?" ಮುದುಕಿಯೂ ಬಂದು ನಿಂತರು.

ಅಪ್ಪ ಗೋಡೆಯ ಉದ್ದಕ್ಕೂ ಒಮ್ಮೆ ನಡೆದರು. ಮೇಲೆ ಹತ್ತಿ ಮಣ್ಣು ಹಿಸುಕಿ ನೋಡಿದರು. ಇಳಿದು ಬಂದು ಸಣ್ಣ ಕಲ್ಲಿನಿಂದ ಅಲ್ಲಲ್ಲಿ ಕುಟ್ಟಿ ಕಿವಿಗೊಟ್ಟರು. ಕೊನೆಗೆ ಸಿಮೆಂಟಿನ ಮೇಲೆ ಉಗುರಿನಿಂದ ಗೀರಿ ನನ್ನ ಕಡೆ ತಿರುಗಿದರು.

"ಇದಕ್ಕೆ ಸಿಮೆಂಟು ಹಚ್ಚಿದ ಬುದ್ಧಿವಂತ ಯಾರು?"

ಅಪ್ಪನಿಗೆ ಸಿಟ್ಟು ಬಂದಿತ್ತು. "ಗುಡ್ಡದ ನೀರು ಎಲ್ಲಿಗೆ ಹೋಗ್ಬೇಕು? ಸಂದು ಬಿಟ್ಟದ್ದು ನೀರು ಹೋಗ್ಲಿಕ್ಕೆ ಅಲ್ಲವಾ? ಕಟ್ಟಿದವನಿಗೆ ಗಾರೆ ಕಲಸ್ಲಿಕ್ಕೆ ಬರ್ತಿರ್ಲಿಲ್ಲ ಅಂತ ಮಾಡಿದ್ದಾರಾ ಇವರು? ಎಲ್ಲ ಮುಚ್ಚಿ ಇಟ್ಟಿದ್ದಾರೆ. ಹಿಂದೆ ನೀರು ನಿಂತು ಗೋಡೆಯನ್ನು ದೂಡ್ತಾ ಉಂಟು. ಒಂದು ಸರಿ ಮಳೆ ಬಂದ್ರೆ ಎಲ್ಲ ದಾರಿಗೆ ಬೀಳ್ತದೆ. ಹೇಳು ಅವರಿಗೆ."

ಅಪ್ಪನ ಮಾತು ಕಿವಿಗೆ ಬೀಳುತ್ತಿದ್ದ ಹಾಗೇ ನನಗೆ ಅದು ಸರಿಯೆಂದು ಗೊತ್ತಾಗಿತ್ತು. ಕಾಲೇಜಿನಲ್ಲಿ ಕಲಿತ ಪಾಠವೇ ಅದು. ಆದರೆ ಅಪ್ಪನ ಪಾಗಾರಗಳ ನೆರಳಿನಲ್ಲೇ ಬೆಳೆದ ನಾನು ಆ ಫೋಟೋ ನೋಡಿ ಸಿಮೆಂಟು ಎಂದಿದ್ದೆ. ಊರಿಗೆ ಒಂದು ಫೋನು ಮಾಡಿ ಅಪ್ಪನನ್ನು ಕೇಳಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಎಂಜಿನಿಯರ್ ನಾನಲ್ಲವೇ!

ತಾಯಿ, ಮಗ ನನ್ನ ಮುಖ ನೋಡುತ್ತ ಕಾಯುತ್ತಿದ್ದರು. ಹೇಗೆ ಬೇಕಾದರೂ ತಿರುಚಿ ಹೇಳಬಹುದಿತ್ತು. ಇಂಥ ಹೊತ್ತಿಗೆಂದೇ ಜರ್ಮನ್‌ನಲ್ಲಿ ಉದ್ದುದ್ದ ಪದಗಳಿವೆ. ಅಷ್ಟರಲ್ಲಿ ಸಹೋದ್ಯೋಗಿ, "ನಾನು ಕಲಸಿದ ಸಿಮೆಂಟು ಸರಿಯಿರಲಿಲ್ಲವಾ? ನನ್ನ ತಪ್ಪಾ?" ಎಂದು ಕೇಳಿದ. ಅವನ ಅಮ್ಮ ಅವನನ್ನು ದುರುಗುಟ್ಟಿ ನೋಡಿ, "ಅಜ್ಜನ ಗೋಡೆ ಮುಟ್ಟಬೇಡ ಅಂತ ನಾನು ಬಡಕೊಂಡೆ," ಎಂದರು. ಅವನು ತಲೆ ತಗ್ಗಿಸಿದ. ನನ್ನ ತಪ್ಪಿಗೆ ಇನ್ನೊಬ್ಬ ಬೈಸಿಕೊಳ್ಳುವುದನ್ನು ನೋಡಿಕೊಂಡು ನಿಲ್ಲುವಷ್ಟು ಕೆಟ್ಟವಳು ನಾನಾಗಿರಲಿಲ್ಲ.

"ತಪ್ಪು ಇವನದಲ್ಲ," ಎಂದೆ. "ಸಿಮೆಂಟು ಹಾಕಲು ಹೇಳಿದವಳು ನಾನು. ನೀರಿಗೆ ದಾರಿ ಇಲ್ಲದೆ ಗೋಡೆ ಉಬ್ಬಿದೆ ಎನ್ನುತ್ತಾರೆ ಅಪ್ಪ. ಇನ್ನೊಂದು ವಿಷಯ. ನನ್ನ ಅಪ್ಪ ಎಂಜಿನಿಯರ್ ಅಲ್ಲ. ಕಲ್ಲು ಕಡಿದು ಗೋಡೆ ಕಟ್ಟುವವರು. ಎರಡು ವರ್ಷದಿಂದ ನಿಮಗೆಲ್ಲ ಸುಳ್ಳು ಹೇಳಿದ್ದೇನೆ."

ಸಹೋದ್ಯೋಗಿ ಬಾಯಿ ತೆರೆದು ನಿಂತ. ಮುದುಕಿ ಮಾತ್ರ ಕೈ ಝಾಡಿಸಿ, "ನನಗೆ ನಿನ್ನೆಯೇ ಗೊತ್ತಾಗಿತ್ತು," ಎಂದರು. "ಎಂಜಿನಿಯರುಗಳು ಮನೆಯೊಳಗೆ ಬಂದರೆ ಚಾವಣಿ ನೋಡುತ್ತಾರೆ. ಇವರು ಬಗ್ಗಿ ಹೊಸ್ತಿಲು ಸವರಿದರು." ಆಮೇಲೆ ಅಪ್ಪನ ಕಡೆ ತಿರುಗಿ, ಅಲ್ಲಿ ಕಲ್ಲು ಮರದ ಕುಶಲ ಕೆಲಸದವರನ್ನು ಕರೆಯುವ ಹಾಗೆ "ಮಾಸ್ತ್ರೊ?" ಎಂದು ಕೇಳಿದರು. "ಹೌದು, ಮೇಸ್ತ್ರಿ," ಎಂದರು ಅಪ್ಪ.

"ಎಂತ ಹೇಳಿದಿ ಅವರಿಗೆ ಅಷ್ಟು ಉದ್ದ?" ಎಂದು ಅಪ್ಪ ನನ್ನನ್ನು ಕೇಳಿದರು. ಸುಳ್ಳಿನ ವಿಷಯ ಅವರಿಗೆ ಹೇಳಲು ನಾಲಗೆ ಏಳಲಿಲ್ಲ. "ಸಿಮೆಂಟು ಹಚ್ಚಲಿಕ್ಕೆ ಹೇಳಿದ ಬುದ್ಧಿವಂತೆ ನಾನೇ ಅಂತ ಹೇಳಿದೆ," ಎಂದೆ. ಅಪ್ಪ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಹೌದಾ? ಹಾಗಾದ್ರೆ ಕಲ್ಲು ಹೊರು."

ಹೊತ್ತೆ. ಮೂರು ದಿನ ಹೊತ್ತೆ. ಅಪ್ಪ ಪ್ಯಾಂಟು ಬಿಚ್ಚಿಟ್ಟು ಲುಂಗಿ ಕಟ್ಟಿ, ಬೈರಾಸನ್ನು ತಲೆಗೆ ಸುತ್ತಿ, ಹಾರೆ ಹಿಡಿದು ಉಬ್ಬಿದ ಭಾಗವನ್ನೆಲ್ಲ ಮೇಲಿನಿಂದ ಬಿಚ್ಚಿಸಿದರು. ಕಲ್ಲಿಗಂಟಿದ ಸಿಮೆಂಟನ್ನು ಸಹೋದ್ಯೋಗಿ ಸುತ್ತಿಗೆಯಲ್ಲಿ ಕುಟ್ಟಿ ತೆಗೆಯಬೇಕು. ದೊಡ್ಡದು, ನಡುವಿನದು, ಚೂರು ಎಂದು ನಾನು ಬೇರೆ ಬೇರೆ ರಾಶಿ ಹಾಕಬೇಕು. ದೊಡ್ಡ ಕಲ್ಲು ಬುಡಕ್ಕೆ. ನಡುನಡುವೆ ಉದ್ದದ ಕಲ್ಲೊಂದು ಗುಡ್ಡದೊಳಕ್ಕೆ ತಲೆ ಹಾಕಬೇಕು, ಇಲ್ಲವಾದರೆ ಗೋಡೆಗೆ ಹಿಡಿತ ಇರುವುದಿಲ್ಲ. ಹಿಂದೆ ಚೂರು ಕಲ್ಲು ತುಂಬಬೇಕು. ಇಡೀ ಗೋಡೆ ಗುಡ್ಡದ ಕಡೆಗೆ ಒಂದಿಷ್ಟೇ ವಾಲಿರಬೇಕು. ಅಪ್ಪ ರಾಶಿಯ ಮುಂದೆ ನಿಂತು ಬರೀ ಕಣ್ಣಲ್ಲೇ ಅಳೆದು ಒಂದು ಕಲ್ಲು ಎತ್ತುತ್ತಿದ್ದರು. ಎತ್ತಿದ ಕಲ್ಲು ವಾಪಸು ರಾಶಿಗೆ ಹೋದದ್ದನ್ನು ನಾನು ಕಾಣಲಿಲ್ಲ. ಒಮ್ಮೆ ತಿರುಗಿಸಿ, ಒಮ್ಮೆ ಕುಟ್ಟಿ ಕೂರಿಸಿದರೆ ಆಯಿತು.

ಎರಡನೇ ದಿನ ಊರಿನ ಮುದುಕರು ತಮ್ಮ ತಮ್ಮ ಕುರ್ಚಿ ಹೊತ್ತು ತಂದು ಓಣಿಯಲ್ಲಿ ಸಾಲಾಗಿ ಕೂತರು. ಮೊದಮೊದಲು ಗೊಣಗಾಟ. ಎಲ್ಲಿಂದಲೋ ಬಂದ ಲುಂಗಿಯವನು ನಮ್ಮ ಗೋಡೆ ಕಟ್ಟುವುದೆಂದರೇನು ಎಂದು ಒಬ್ಬ ಹೇಳುತ್ತಿದ್ದಾನೆ ಎಂದು ಸಹೋದ್ಯೋಗಿ ನನಗೆ ಪಿಸುಗುಟ್ಟಿದ. ಆ ಮುದುಕನೇ ಮಧ್ಯಾಹ್ನ ಎದ್ದು ಬಂದು ಒಂದು ಕಲ್ಲನ್ನು ತೋರಿಸಿ ತನ್ನ ಭಾಷೆಯಲ್ಲಿ ಜಗಳಕ್ಕೇ ನಿಂತ. ಅಪ್ಪ ಕನ್ನಡದಲ್ಲಿ ತಿರುಗಿ ಜಗಳಾಡಿದರು. ನನ್ನನ್ನು ಯಾರೂ ಅನುವಾದಕ್ಕೆ ಕರೆಯಲಿಲ್ಲ. ಕೊನೆಗೆ ಅಪ್ಪ ಆ ಕಲ್ಲನ್ನು ಎಳೆದು ನೋಡು ಎಂದು ಸನ್ನೆ ಮಾಡಿದರು. ಮುದುಕ ಎರಡೂ ಕೈಯಲ್ಲಿ ಎಳೆದ. ಕಲ್ಲು ಮಿಸುಕಲಿಲ್ಲ. ಅವನು ಮನೆಗೆ ಹೋಗಿ, ಹಿಡಿ ಸವೆದ ಹಳೆಯ ಸುತ್ತಿಗೆಯೊಂದನ್ನು ತಂದು ಅಪ್ಪನ ಕೈಗೆ ಕೊಟ್ಟ. ಆಮೇಲೆ ಸಂಜೆಯವರೆಗೆ ಅಪ್ಪನಿಗೆ ಚೂರು ಕಲ್ಲು ಎತ್ತಿಕೊಟ್ಟವನು ಅವನೇ.

ಮೂರನೇ ದಿನ ಗೋಡೆ ಮುಗಿಯಿತು. ಪುರಸಭೆಯವನು ಬಂದ. ಅಪ್ಪ ಅವನ ಹತ್ತಿರ ಏನನ್ನೂ ವಾದಿಸಲಿಲ್ಲ. ನಾಲ್ಕು ಕೊಡಪಾನ ನೀರು ತರಿಸಿ ಗೋಡೆಯ ಮೇಲಿನ ಮಣ್ಣಿಗೆ ಸುರಿದು, ಕೆಳಗೆ ಬಂದು ಸೊಂಟಕ್ಕೆ ಕೈಯಿಟ್ಟು ನಿಂತರು. ಎಲ್ಲರೂ ನಿಂತೆವು. ತುಸು ಹೊತ್ತಿಗೆ ಬುಡದ ಸಂದೊಂದು ಒದ್ದೆಯಾಯಿತು, ಪಕ್ಕದ್ದೂ ಆಯಿತು, ನೀರು ಸಣ್ಣಗೆ ಹರಿದು ದಾರಿಯ ಅಂಚಿನ ಚರಂಡಿಗೆ ಬಿತ್ತು. ಮುದುಕರು ಕೂಗಿಕೊಂಡರು. ಯಾವ ಕಂಪನಿಯ ಕೆಲಸ ಎಂದು ಪುರಸಭೆಯವನು ಕೇಳಿದ. ಮುದುಕಿ ಅಪ್ಪನ ಭುಜ ಹಿಡಿದು ಅವನ ಮುಂದೆ ನಿಲ್ಲಿಸಿದರು. ಆಮೇಲೆ ನನ್ನನ್ನೂ ಎಳೆದು ಏನೋ ಹೇಳಿದರು. ಸಹೋದ್ಯೋಗಿ ಅನುವಾದಿಸಿದ: "ಇವಳು ಮಾಸ್ತ್ರೊನ ಮಗಳು ಎನ್ನುತ್ತಿದ್ದಾರೆ ಅಮ್ಮ." ಪುರಸಭೆಯವನು ನನ್ನ ಕೈಯನ್ನೂ ಕುಲುಕಿದ. ನನ್ನ ಡಿಗ್ರಿಯನ್ನು ಅಲ್ಲಿ ಯಾರೂ ಕೇಳಲಿಲ್ಲ. ನನಗೆ ಆದ ಹೆಮ್ಮೆಗೆ ಕಣ್ಣಲ್ಲಿ ನೀರೇ ಬಂತು.

ಆ ಸಂಜೆ ಅಪ್ಪ, ನಾನು ಇಬ್ಬರೇ ಮನೆಯ ಹಿಂದೆ ಅಂಜೂರದ ಮರದ ಬುಡದಲ್ಲಿ ಕೂತಿದ್ದೆವು. ನನ್ನ ಉಗುರುಗಳೆಲ್ಲ ಮುರಿದಿದ್ದವು, ಬೆನ್ನು ಎತ್ತಲಾಗುತ್ತಿರಲಿಲ್ಲ. ಇನ್ನು ತಡೆಯಲಾರೆ ಎನಿಸಿತು.

"ಅಪ್ಪ, ಇನ್ನೊಂದು ಉಂಟು. ಆಫೀಸಿನಲ್ಲಿ ಎಲ್ಲರಿಗೂ ನೀವು ಎಂಜಿನಿಯರ್ ಅಂತ ಹೇಳಿಟ್ಟಿದ್ದೆ. ಮೊನ್ನೆ ಗೋಡೆ ಹತ್ತಿರ ಇವರಿಗೆ ನಿಜ ಹೇಳಿದೆ."

ಅಪ್ಪ ಹಣ್ಣಿನ ಸಿಪ್ಪೆ ತೆಗೆಯುತ್ತಿದ್ದರು. "ಅಂದಾಜಿತ್ತು," ಎಂದರು. "ವೀಸಾದ ಆಫೀಸಿಗೆ ಹೋಗುವ ಮೊದಲು ಫೋನಲ್ಲಿ ಹೇಳಿದ್ದಿಯಲ್ಲ, ಅವರು ಕೇಳಿದ್ರೆ ಕನ್‌ಸ್ಟ್ರಕ್ಷನ್ ಬಿಸಿನೆಸ್ ಅಂತ ಹೇಳಿ ಅಂತ. ಆಗಲೇ ಅಂದಾಜಾಯ್ತು."

"ಹಾಗೇ ಹೇಳಿದ್ರಾ?"

"ಎಲ್ಲಿ ಹೇಳುವುದು? ಗಾಜಿನ ಮೇಲೆ ಬೆರಳು ಒತ್ತಿ ಅಂದ್ರು. ನಾಲ್ಕೈದು ಸಲ ಒತ್ತಿದೆ, ಮಿಷನಿಗೆ ಏನೂ ಕಾಣ್ಲಿಲ್ಲ. ಗೆರೆ ಎಲ್ಲ ಕಲ್ಲಿಗೆ ಹೋಗಿ ಆಯ್ತಲ್ಲ ಮಾರಾಯ್ತಿ. ಆ ಹುಡುಗಿ ನನ್ನ ಕೈ ತಿರುಗಿಸಿ ನೋಡಿ, ಎಂತ ಕೆಲಸ ಮಾಡ್ತೀರಿ ಅಂತ ಕೇಳಿದ್ಲು. ಕೈ ಅವಳ ಎದುರೇ ಉಂಟು, ಸುಳ್ಳು ಹೇಳ್ಲಿಕ್ಕೆ ಬಾಯಿ ಬರ್ಲಿಲ್ಲ. ಕಲ್ಲು ಕಟ್ಟುವ ಮೇಸ್ತ್ರಿ ಅಂತಲೇ ಹೇಳಿದೆ. ಪಾಪ, ಒಳ್ಳೆ ಹುಡುಗಿ. ಬೆರಳು ಒದ್ದೆ ಮಾಡಿಸಿ, ಒರೆಸಿ, ಹೇಗೋ ತೆಗೆದ್ಲು."

"ನನಗೆ ಯಾಕೆ ಹೇಳ್ಲಿಲ್ಲ ಇದನ್ನು?"

"ನಿನಗೆ ನಾಚಿಕೆ ಆಗ್ತದೆ ಅಂತ," ಎಂದು, ಸುಲಿದ ಹಣ್ಣನ್ನು ನನ್ನ ಕೈಗಿಟ್ಟರು.

ನಾನು ಅತ್ತುಬಿಟ್ಟೆ. ಅವರು ನನ್ನ ಮೇಲೆ ರೇಗಿದ್ದರೆ ತಡೆದುಕೊಳ್ಳುತ್ತಿದ್ದೆ. ನನ್ನ ನಾಚಿಕೆಯನ್ನು ಇಷ್ಟು ದಿನ ಅವರು ಸುಮ್ಮನೆ ಹೊತ್ತುಕೊಂಡು ತಿರುಗಿದ್ದರು. ಜೊತೆಗೆ ನನ್ನ ಮನೆಯ ಪಾತ್ರೆ ತೊಳೆದಿಟ್ಟಿದ್ದರು, ನಾನು ಬರುವುದನ್ನು ಕಾಯುತ್ತ ಕಿಟಕಿಯ ಹತ್ತಿರ ನಿಂತಿದ್ದರು.

ಹ್ಯಾನೋವರಿಗೆ ವಾಪಸಾದ ಸೋಮವಾರ ಅಪ್ಪನಿಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಸಿ ಆಫೀಸಿಗೆ ಕರೆದುಕೊಂಡು ಹೋದೆ. ಮಧ್ಯಾಹ್ನ ಎಲ್ಲರೂ ಊಟದ ಮೇಜಿನ ಸುತ್ತ ಇದ್ದರು, ಬಾಸ್ ಕೂಡ. ಎದುರು ಮೇಜಿನ ಸಹೋದ್ಯೋಗಿ ಯಾರಿಗೂ ಏನೂ ಹೇಳಿರಲಿಲ್ಲ. ನಾನು ಅಪ್ಪನ ಪಕ್ಕ ನಿಂತು ಮೊದಲು ಜರ್ಮನ್‌ನಲ್ಲಿ ಹೇಳಿದೆ. ಆಮೇಲೆ, ಅಲ್ಲಿ ಅರ್ಥವಾಗುವವರು ಅವರೊಬ್ಬರೇ ಆದರೂ, ಅವರ ಕಿವಿಗೆ ಬೀಳಲೇಬೇಕೆಂದು ಅದನ್ನೇ ದೊಡ್ಡದಾಗಿ ಕನ್ನಡದಲ್ಲಿ ಹೇಳಿದೆ. "ಇವರು ನನ್ನ ಅಪ್ಪ. ಕಲ್ಲು ಕಟ್ಟುವ ಮೇಸ್ತ್ರಿ."

ಅಪ್ಪ ಅಂಗಿಯ ಕಾಲರ್ ಸರಿಮಾಡಿಕೊಂಡು, ಮೇಜಿನ ಸುತ್ತ ಒಬ್ಬೊಬ್ಬರಿಗೇ ಕೈ ಚಾಚುತ್ತ ಹೋದರು.